ಸ್ಟೇರಿಂಗ್ ಅದುರುತ್ತದೆ ಎಂದು ಬಂದವರಿಗೆ

ಮಗಾ, ಚಾಮರಾಜನಗರದಲ್ಲಿ ಟೈರ್ ಅಂಗಡಿ ಇಡುತ್ತಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಬ್ಯಾಲೆನ್ಸಿಂಗ್ ಮೆಷಿನ್ ಬುಕ್ ಮಾಡಿದ್ದಾಗಿದೆ, ಅಲೈನ್‌ಮೆಂಟ್ ಮುಂದಿನ ವರ್ಷ ಅಂತಲೂ ಹೇಳಿದ. ಬಹಳ ಸಂತೋಷವಾಯಿತು. ಊಟಿಗೆ ಹೋಗುವ ಗಾಡಿ, ವಯನಾಡಿಗೆ ಹೋಗುವ ಗಾಡಿ, ಮೈಸೂರಿಗೆ ಹಿಂದಿರುಗುವ ಗಾಡಿ, ಎಲ್ಲವೂ ಹಾದುಹೋಗುವ ಈ ಗುಂಡ್ಲುಪೇಟೆಯ ದಾರಿಯಲ್ಲಿ ಪಾನಾ ಹಿಡಿದೇ ಕೂದಲು ನರೆತವನು ನಾನು. ನಿನಗೆ ಎಲ್ಲವನ್ನೂ ಹೇಳಲು ಹೋಗುವುದಿಲ್ಲ. ಒಂದು ಕಾಯಿಲೆಯ ಬಗ್ಗೆ ಮಾತ್ರ ಹೇಳುತ್ತೇನೆ. ಬಡವರ ದುಡ್ಡು ಸುಮ್ಮನೆ ಪೋಲಾಗುವುದನ್ನು ಇದರಲ್ಲಿ ನೋಡಿದಷ್ಟು ಬೇರೆ ಯಾವುದರಲ್ಲೂ ನಾನು ನೋಡಿಲ್ಲ. "ಅಣ್ಣಾ, ಹೊಸ ಅಲಾಯ್ ಹಾಕ್ಸುದ್ಮೇಲೆ ಸ್ಟೇರಿಂಗ್ ಅದುರ್ತದೆ" ಎಂದು ಬರುತ್ತಾರಲ್ಲ, ಆ ಕಾಯಿಲೆ.

ಹಾಗೆ ಬರುವವನು ಹೆಚ್ಚಾಗಿ ನಿನ್ನ ವಯಸ್ಸಿನವನೇ ಆಗಿರುತ್ತಾನೆ. ಕಡಿಮೆ ಬೆಲೆಯ ಮಾಡೆಲ್ ತೆಗೆದುಕೊಂಡಿರುತ್ತಾನೆ, ಅದಕ್ಕೆ ಕಂಪನಿ ಕಬ್ಬಿಣದ ವೀಲ್ ಕೊಟ್ಟಿರುತ್ತದೆ. ಅರಿಶಿನದ್ದೋ ಬಾಳೆಯದ್ದೋ ದುಡ್ಡು ಕೈಗೆ ಬಂದಾಗ ಬೆಂಗಳೂರಿನ ಜೆ.ಸಿ. ರಸ್ತೆಗೋ ದಿಂಬಂ ಇಳಿದು ಕೊಯಮತ್ತೂರಿಗೋ ಹೋಗಿ ನಾಲ್ಕು ಅಲಾಯ್ ಹಾಕಿಸಿಕೊಂಡು ಬಂದಿರುತ್ತಾನೆ. ಊರೊಳಗೆ ಏನೂ ಗೊತ್ತಾಗುವುದಿಲ್ಲ. ಬೇಗೂರು ದಾಟಿ ನಂಜನಗೂಡಿನ ಕಡೆ 80 ಮುಟ್ಟಿದಾಗ ಸ್ಟೇರಿಂಗ್ ನಡುಗಲು ಶುರುವಾಗುತ್ತದೆ, 95ರ ಹೊತ್ತಿಗೆ ಅಂಗೈ ಜುಮ್ಮೆನ್ನುತ್ತದೆ, 110 ದಾಟಿದರೆ ಕಮ್ಮಿಯಾಯಿತೇನೋ ಅನ್ನಿಸುತ್ತದೆ. ಮೊದಲ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಮಾಡಿಸುತ್ತಾನೆ. ಎರಡನೆಯದರಲ್ಲಿ ಮತ್ತೆ ಬ್ಯಾಲೆನ್ಸಿಂಗ್, ಜೊತೆಗೆ ಅಲೈನ್‌ಮೆಂಟ್. ಮೂರನೆಯ ಕಡೆ ಸ್ಟೇರಿಂಗ್ ರ‍್ಯಾಕ್ ಹೋಗಿದೆ ಅನ್ನುತ್ತಾರೆ. ಚಕ್ರ ಬದಲಿಸಿದ ದಿನವೇ ರ‍್ಯಾಕ್ ಹೇಗೆ ಹೋಯಿತು ಎಂದು ಅಷ್ಟು ಹೊತ್ತಿಗೆ ಒಬ್ಬರೂ ಕೇಳಿರುವುದಿಲ್ಲ. ನೀನು ಕೇಳು. ನಿನ್ನೆಯವರೆಗೆ ಇಲ್ಲದ ನಡುಕ ಇವತ್ತು ಬಂದಿದೆ ಅಂದರೆ ಈ ನಡುವೆ ಬದಲಾದದ್ದು ಏನು ಅಂತ ಮೊದಲು ನೋಡಬೇಕು. ಅದನ್ನು ತೀರ್ಮಾನಿಸುವವರೆಗೆ ಬೇರೆ ಯಾವ ನಟ್ಟಿಗೂ ಪಾನಾ ಹಾಕಬೇಡ.

ಜಾಕಿ ಹಾಕುವ ಮುಂಚೆ ಗಾಡಿಯವನನ್ನು ಕೂರಿಸಿ ಮಾತಾಡಿಸು. ಅರ್ಧ ಉತ್ತರ ಅವನ ಬಾಯಲ್ಲೇ ಇರುತ್ತದೆ. ಕೈಗೆ ಬರುವ ನಡುಕವಾದರೆ ಮುಂದಿನ ಚಕ್ರದ ಕಡೆ ನೋಡು, ಸೀಟಿಗೆ, ಕಾಲ ಕೆಳಗಿನ ನೆಲಕ್ಕೆ ಬರುವುದಾದರೆ ಹಿಂದಿನ ಚಕ್ರದ ಕಡೆ. 30–40ರಲ್ಲೇ ಸ್ಟೇರಿಂಗ್ ನಿಧಾನವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿದರೆ ರಿಮ್ ಬೆಂಡಾಗಿದೆ, ಇಲ್ಲವೇ ಟೈರಿನ ಪದರ ಬಿಟ್ಟುಕೊಂಡು ಎಲ್ಲೋ ಬುಗುಟು ಎದ್ದಿದೆ. ಅಂಥ ಗಾಡಿಯನ್ನು ಅಂಗಡಿಯಿಂದ ಹಾಗೇ ಹೊರಗೆ ಬಿಡಬೇಡ, ಸ್ಟೆಪ್ನಿ ಹಾಕಿಸಿ ಕಳಿಸು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಬ್ರೇಕ್ ಡಿಸ್ಕಿನ ವಿಷಯ. ಆಕ್ಸಿಲರೇಟರ್ ತುಳಿದಾಗ ಬಂದು ಕಾಲು ತೆಗೆದ ಕೂಡಲೇ ನಿಂತರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟನ್ನು ಅನುಮಾನಿಸು. ವಾರಗಟ್ಟಲೆ ನಿಂತಿದ್ದ ಗಾಡಿ ಮೊದಲ ಕೆಲವು ಕಿಲೋಮೀಟರ್ ನಡುಗಿ ಆಮೇಲೆ ಸರಿಹೋದರೆ, ನಿಂತ ಜಾಗದಲ್ಲಿ ಟೈರ್ ಚಪ್ಪಟೆಯಾಗಿತ್ತು, ಬಿಸಿಯಾದ ಮೇಲೆ ದುಂಡಗಾಯಿತು ಅಷ್ಟೇ. ಇನ್ನು 80ಕ್ಕೆ ಶುರುವಾಗಿ ನೂರರ ಆಚೀಚೆ ಜಾಸ್ತಿಯಾಗುವುದು ಇದೆಯಲ್ಲ, ಅದೇ ನಾನು ಹೇಳಹೊರಟ ಕಾಯಿಲೆ.

ಅದಕ್ಕೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ ಒಂದಿದೆ. "ಹಳೇ ವೀಲ್ ಮನೇಲಿ ಇದಾವಾ?" ಅಂತ ಕೇಳು. ಮಾರಿಲ್ಲದಿದ್ದರೆ ಟೈರ್ ಸಮೇತ ತರಿಸಿ, ಮುಂದಿನ ಎರಡನ್ನೂ ಬದಲಿಸಿ, ಅದೇ ರಸ್ತೆಯಲ್ಲಿ ಅದೇ ಸ್ಪೀಡಿನಲ್ಲಿ ಓಡಿಸಿ ನೋಡಿ. ನಡುಕ ಹೋದರೆ ಕಾರು ಆರೋಗ್ಯವಾಗಿದೆ, ತಪ್ಪು ಅಲಾಯಿನಲ್ಲೋ ಟೈರಿನಲ್ಲೋ ಅದನ್ನು ಕೂರಿಸಿದ ರೀತಿಯಲ್ಲೋ ಇದೆ. ಹೋಗದಿದ್ದರೆ ಆಗ ಕಾರಿನ ಕಡೆ ತಿರುಗು. ಹಳೆಯದು ಇಲ್ಲದಿದ್ದರೆ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕು. ನಡುಕ ಕೈಯಿಂದ ಸೀಟಿಗೆ ಹೋಯಿತಾದರೆ ಕಾಯಿಲೆ ಚಕ್ರದ ಜೊತೆಗೇ ಪ್ರಯಾಣ ಮಾಡಿತು ಅಂತ ಅರ್ಥ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಟೈ ರಾಡ್ ಎಂಡ್ ಮೂರನ್ನೂ ಒಂದೇ ದಿನ ಮಾಡಿ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ನಿನಗೇ ಗೊತ್ತಿರುವುದಿಲ್ಲ. ಮುಂದಿನ ಗಾಡಿ ಬಂದಾಗ ಮತ್ತೆ ಮೂರಕ್ಕೂ ಬಿಲ್ ಹಾಕುತ್ತೀಯ.

ಈಗ ನಡುಕದ ಮೂಲ ತಿಳಿದುಕೋ. 185/65 ಆರ್15 ಟೈರು ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 1.95 ಮೀಟರ್ ಮುಂದೆ ಹೋಗುತ್ತದೆ. 90 ಕಿಲೋಮೀಟರ್ ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಹದಿಮೂರರ ಹತ್ತಿರ ಸುತ್ತು ತಿರುಗುತ್ತಿರುತ್ತದೆ. ರಿಮ್ಮಿನ ಅಂಚಿನಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೂ ಆ ವೇಗದಲ್ಲಿ ಅದು ಎರಡೂವರೆ ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಹೊರಗೆ ಎಳೆಯುತ್ತದೆ, ಸುತ್ತು ಸುತ್ತಿಗೂ ಎಳೆಯುತ್ತದೆ. ವೇಗ ಅರ್ಧವಾದರೆ ಈ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ 45ರಲ್ಲಿ ಗೊತ್ತಾಗದ್ದು ಹೈವೇಯಲ್ಲಿ ಗೊತ್ತಾಗುವುದು ಅದಕ್ಕೇ. ಚಕ್ರ, ಸ್ಪ್ರಿಂಗ್, ರಬ್ಬರ್ ಬುಷ್ ಎಲ್ಲ ಸೇರಿ ತಮ್ಮದೇ ಒಂದು ಲಯದಲ್ಲಿ ಅದುರುತ್ತವೆ. ಚಕ್ರದ ಎಳೆತ ಆ ಲಯಕ್ಕೆ ಸರಿಯಾಗಿ ಕೂಡಿದಾಗ ನಡುಕ ಏರುತ್ತದೆ, ದಾಟಿದ ಮೇಲೆ ಇಳಿದಂತೆ ಕಾಣುತ್ತದೆ. ಕಾಣುತ್ತದೆ ಅಷ್ಟೇ. ಬೇರಿಂಗಿಗೆ ಬೀಳುವ ಏಟು ಇಳಿದಿರುವುದಿಲ್ಲ, ಏರಿರುತ್ತದೆ. "120ರಲ್ಲಿ ಸರಿಹೋಗ್ತದೆ ಅಣ್ಣಾ" ಎನ್ನುವ ಹುಡುಗನಿಗೆ ಇದನ್ನು ಬಿಡಿಸಿ ಹೇಳು.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತು. ಎರಡು ಸಲ ಬ್ಯಾಲೆನ್ಸ್ ಮಾಡಿಸಿದ ಮೇಲೂ ನಡುಕ ಯಾಕೆ ಉಳಿಯುತ್ತದೆ ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ.

ರಾಗಿ ಬೀಸುವ ಕಲ್ಲನ್ನು ನಿಮ್ಮಜ್ಜಿ ಮನೆಯಲ್ಲಿ ನೋಡಿದ್ದೀಯ. ಕೆಳಗಿನ ಕಲ್ಲಿನ ನಡುವೆ ಗೂಟ, ಮೇಲಿನ ಕಲ್ಲಿಗೆ ತೂತು. ಗೂಟ ಸವೆದು ತೂತು ಸಡಿಲವಾದರೆ ಕಲ್ಲು ಎಷ್ಟೇ ದುಂಡಗಿರಲಿ, ತಿರುಗುವಾಗ ಆಚೀಚೆ ಹೊಯ್ದಾಡುತ್ತದೆ. ಕಾರಿನ ಹಬ್ಬಿನ ನಡುವೆ ಮುಂದೆ ಚಾಚಿಕೊಂಡಿರುವ ದುಂಡನೆಯ ಭಾಗವೇ ಆ ಗೂಟ. ಸ್ವಿಫ್ಟಿನಲ್ಲಿ ಅದರ ಅಳತೆ 54.1 ಮಿಲಿಮೀಟರ್. ಕಂಪನಿಯ ವೀಲಿನ ನಡುತೂತೂ ಅಷ್ಟೇ ಇರುತ್ತದೆ, ವೀಲ್ ಅದರ ಮೇಲೆ ಬಿಗಿಯಾಗಿ ಕೂತು ತಾನಾಗಿ ಸೆಂಟರ್ ಆಗುತ್ತದೆ. ಹೊರಗೆ ಮಾರುವ ಅಲಾಯ್ ಹತ್ತಾರು ಕಂಪನಿಯ ಕಾರಿಗೆ ಹೊಂದಬೇಕಲ್ಲ, ಅದಕ್ಕೆ ನಡುತೂತನ್ನು ದೊಡ್ಡದಾಗಿ ಕೊರೆದಿರುತ್ತಾರೆ. 73.1 ಮಿಲಿಮೀಟರಿನದ್ದು ಧಾರಾಳವಾಗಿ ಸಿಗುತ್ತದೆ. 54.1ರ ಹಬ್ಬಿಗೆ 73.1ರ ತೂತು ಹಾಕಿದರೆ ಸುತ್ತಲೂ ಒಂಬತ್ತೂವರೆ ಮಿಲಿಮೀಟರ್ ಖಾಲಿ. ಆಗ ಚಕ್ರವನ್ನು ನಡುವಿಗೆ ಹಿಡಿಯುವ ಕೆಲಸವೆಲ್ಲ ನಾಲ್ಕು ನಟ್ಟುಗಳ ಮೇಲೆ ಬೀಳುತ್ತದೆ.

ನಟ್ಟುಗಳು ಅರ್ಧ ಮಿಲಿಮೀಟರ್ ತಪ್ಪಿದವು ಅಂತ ಇಟ್ಟುಕೋ. ಅಲಾಯ್, ಟೈರ್ ಸೇರಿ ಒಂದು ಚಕ್ರ 15 ಕಿಲೋ ಇದ್ದರೆ, ಆ ಅರ್ಧ ಮಿಲಿಮೀಟರ್ ತಪ್ಪು ರಿಮ್ಮಿನ ಅಂಚಿನಲ್ಲಿ 40 ಗ್ರಾಂ ಸೀಸ ಅಂಟಿಸಿದ್ದಕ್ಕೆ ಸಮ. ಲೆಕ್ಕ ನೀನೇ ಹಾಕಿ ನೋಡು, 15,000 ಗ್ರಾಮನ್ನು ಅರ್ಧದಿಂದ ಗುಣಿಸಿ ರಿಮ್ಮಿನ ಅರ್ಧ ವ್ಯಾಸ 190ರಿಂದ ಭಾಗಿಸು. ಇದು ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಎಂದೂ ಕಾಣುವುದಿಲ್ಲ. ಮೆಷಿನ್ನಿನಲ್ಲಿ ಚಕ್ರವನ್ನು ಕೋನ್ ಹಾಕಿ ನಡುತೂತಿನಿಂದ ಸೆಂಟರ್ ಮಾಡಿ ಹಿಡಿದಿರುತ್ತೀಯ, ಕಾರಿನ ಮೇಲೆ ಅದೇ ಚಕ್ರ ನಟ್ಟಿನಿಂದ ಸೆಂಟರ್ ಆಗುತ್ತದೆ. ಮೆಷಿನ್ ಸೊನ್ನೆ ತೋರಿಸುತ್ತದೆ, ಅದು ಸುಳ್ಳು ಹೇಳುತ್ತಿಲ್ಲ, ಆದರೆ ಅದು ಹೇಳುತ್ತಿರುವುದು ತನ್ನ ಶಾಫ್ಟಿನ ಮೇಲಿರುವ ಚಕ್ರದ ಬಗ್ಗೆ. ಗಾಡಿಯವನು ದೂರುತ್ತಿರುವುದು ಹಬ್ಬಿನ ಮೇಲಿರುವ ಚಕ್ರದ ಬಗ್ಗೆ. "ಮೆಷಿನ್ನಲ್ಲಿ ಸೊನ್ನೆ ಬಂತಲ್ಲ, ಇನ್ನೇನು ಮಾಡ್ಲಿ" ಎಂದು ಅವನ ಮೇಲೆ ರೇಗಬೇಡ. ಅವನ ಕೈ ನಡುಗುತ್ತಿರುವುದು ನಿಜ. ನಿನ್ನಿಂದ ನನಗೆ ಬೇಕಾದದ್ದು ಇಷ್ಟೇ ಮಗಾ: ಪರದೆಯ ಮೇಲಿನ ಅಂಕಿಗೂ ಗಿರಾಕಿಯ ಅಂಗೈಗೂ ಜಗಳ ಬಂದರೆ ಅಂಗೈಯನ್ನು ನಂಬು, ನಂಬಿ ಹುಡುಕು.

ಪರಿಹಾರ ಕಷ್ಟದ್ದಲ್ಲ. ಹಬ್ ರಿಂಗ್ ಅಂತ ಬರುತ್ತದೆ, ಪ್ಲಾಸ್ಟಿಕ್ಕಿನದೂ ಇದೆ, ಅಲ್ಯೂಮಿನಿಯಂದೂ ಇದೆ. ಹೊರ ಅಳತೆ ಅಲಾಯಿನ ತೂತಿನಷ್ಟು, ಒಳ ಅಳತೆ ಹಬ್ಬಿನಷ್ಟು. ನಾಲ್ಕು ಅಲಾಯಿನ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ, ಆದರೂ ಅಲಾಯ್ ಮಾರುವಾಗ ಕೊಡುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಎರಡನ್ನೂ ವರ್ನಿಯರಿನಲ್ಲಿ ಅಳೆದೇ ತರಿಸು, ಕಣ್ಣಳತೆ ಬೇಡ. ಅಳತೆಯದು ಸಿಗದಿದ್ದರೆ ಒಳ್ಳೆಯ ಲೇತ್‌ನವನ ಹತ್ತಿರ ಅಲ್ಯೂಮಿನಿಯಂನಲ್ಲಿ ಕಡೆಸಿಕೋ. ರಿಂಗ್ ಸುತ್ತಿಗೆಯಲ್ಲಿ ಬಡಿದು ಕೂರಿಸುವಂತೆಯೂ ಇರಬಾರದು, ಗಡಗಡ ಆಡುವಂತೆಯೂ ಇರಬಾರದು. ಬೆರಳಿನಿಂದ ಒತ್ತಿದರೆ ಕೂರಬೇಕು.

ಚಕ್ರ ಹಾಕುವ ರೀತಿ ಇನ್ನೊಂದು. ಬಿಚ್ಚಿದ ಕೂಡಲೇ ಹಬ್ಬಿನ ಮುಖ ನೋಡು. ತುಕ್ಕು, ಒಣಗಿದ ಮಣ್ಣು, ಹಳೆಯ ಬಣ್ಣ ಇದ್ದರೆ ವೈರ್ ಬ್ರಷ್ ಹಾಕಿ ಲೋಹ ಕಾಣುವವರೆಗೆ ಉಜ್ಜು. ಹಬ್ಬಿನ ಮುಖದಲ್ಲಿ ಸಿಕ್ಕಿಕೊಂಡ ಉಗುರಿನಷ್ಟು ತುಕ್ಕಿನ ಚೂರು ರಿಮ್ಮಿನ ಅಂಚಿಗೆ ಹೋಗುವಷ್ಟರಲ್ಲಿ ಎರಡು ಮೂರು ಪಟ್ಟು ಓಲಾಟವಾಗುತ್ತದೆ. ಆಮೇಲೆ ಚಕ್ರ ಗಾಳಿಯಲ್ಲಿರುವಾಗಲೇ ನಾಲ್ಕೂ ನಟ್ಟನ್ನು ಬೆರಳಿನಲ್ಲಿ ಹತ್ತಿಸು, ಒಂದರ ಎದುರು ಇನ್ನೊಂದು ಎಂಬಂತೆ ಪಾನಾದಿಂದ ಸ್ವಲ್ಪ ಸ್ವಲ್ಪ ಬಿಗಿ ಮಾಡು, ನಡುನಡುವೆ ಚಕ್ರವನ್ನು ಅಲ್ಲಾಡಿಸಿ ತನ್ನ ಜಾಗಕ್ಕೆ ಕೂರಲು ಬಿಡು. ಟೈರ್ ನೆಲ ಮುಟ್ಟಿದ ಮೇಲೆ ಕೊನೆಯ ಬಿಗಿ. ಅರ್ಧ ಬಿಗಿದು ಜಾಕಿ ಇಳಿಸಿ, ಗನ್ ಹಿಡಿದು ಗುರ್ ಅಂತ ಮುಗಿಸಿದರೆ ಗಾಡಿಯ ಭಾರವೇ ಚಕ್ರವನ್ನು ಒಂದು ಪಕ್ಕಕ್ಕೆ ನೂಕಿ ಕೂರಿಸಿಬಿಡುತ್ತದೆ. ಒಂದು ಟಾರ್ಕ್ ರೆಂಚ್ ಕೊಂಡುಕೋ. ಮೆಷಿನ್ನಿಗೆ ಅಷ್ಟು ಸುರಿದಿದ್ದೀಯ, ಇದಕ್ಕೆ ಕೈ ಹಿಡಿಯಬೇಡ. ಎಷ್ಟು ಬಿಗಿ ಬೇಕು ಎಂಬುದು ಪ್ರತಿ ಕಾರಿನ ಪುಸ್ತಕದಲ್ಲಿ ಬರೆದಿದೆ, ಸಣ್ಣ ಕಾರುಗಳಿಗೆ ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರುತ್ತದೆ.

ನಟ್ಟಿನ ಕೆಳಭಾಗದ ಆಕಾರವನ್ನೂ ನೋಡಬೇಕು. ಹೊರಗೆ ಮಾರುವ ಅಲಾಯ್ ಬಹುತೇಕ 60 ಡಿಗ್ರಿ ಇಳಿಜಾರಿನ ಕೋನ್ ನಟ್ಟಿಗೆ ಮಾಡಿದ್ದು. ಹೋಂಡಾ ಕಾರಿನ ಸ್ವಂತ ನಟ್ಟಿನ ಕೆಳಭಾಗ ಗುಂಡಗಿರುತ್ತದೆ. ಇನ್ನೋವಾದ ಕಂಪನಿ ಅಲಾಯಿಗೆ ಚಪ್ಪಟೆ ವಾಷರ್ ಇರುವ ನಟ್ಟು. ಇವನ್ನು ಕೋನ್ ಗುಳಿಯಲ್ಲಿ ಹಾಕಿ ಬಿಗಿದರೆ ಮೇಲೆ ಬಿಗಿಯಾದಂತೆ ಕಾಣುತ್ತದೆ, ಒಳಗೆ ಒಂದು ಗೆರೆಯಷ್ಟೇ ತಾಗಿರುತ್ತದೆ. ಚಕ್ರ ಸೆಂಟರ್ ಆಗುವುದಿಲ್ಲ, ದಿನ ಕಳೆದಂತೆ ನಟ್ಟು ಸಡಿಲವಾಗುತ್ತದೆ. ಮಾರುತಿಯ ಸ್ಟಡ್ಡಿನ ಥ್ರೆಡ್ ಅಂತರ 1.25, ಹುಂಡೈ, ಟೊಯೊಟಾದ್ದು 1.5. ಎರಡೂ 12 ಮಿಲಿಮೀಟರ್ ದಪ್ಪವೇ ಆದ್ದರಿಂದ ಗಡಿಬಿಡಿಯಲ್ಲಿ ಅದಲುಬದಲಾಗುತ್ತದೆ. ಮೊದಲ ಸುತ್ತಿನಲ್ಲೇ ಬೆರಳಿಗೆ ತಡೆ ಸಿಕ್ಕರೆ ನಿಲ್ಲಿಸು. ನಟ್ಟು ಎಂಟು ಸುತ್ತಾದರೂ ಒಳಗೆ ಹೋಗಬೇಕು. ಬೋಲ್ಟ್ ವೃತ್ತದ ಅಳತೆಯಲ್ಲಿ ಎರಡೇ ಮಿಲಿಮೀಟರ್ ವ್ಯತ್ಯಾಸ, ಹೇಗೋ ಬಿಗಿಯುತ್ತೇನೆ ಎನ್ನುವವರೂ ಇದ್ದಾರೆ. 98ರ ಅಲಾಯನ್ನು 100ರ ಹಬ್ಬಿಗೆ ಎಳೆದು ಬಿಗಿದರೆ ಸ್ಟಡ್ ಬಾಗಿಕೊಂಡೇ ಕೆಲಸ ಮಾಡುತ್ತದೆ, ಒಂದು ದಿನ ತುಂಡಾಗುತ್ತದೆ. ಅಂಥದ್ದು ಬಂದರೆ ಎಷ್ಟು ದುಡ್ಡು ಕೊಟ್ಟರೂ ಹಾಕಬೇಡ.

ನಿನ್ನ ಬ್ಯಾಲೆನ್ಸಿಂಗ್ ಸರಿಯಿದೆಯೇ ಎಂದು ನೀನೇ ಪರೀಕ್ಷೆ ಮಾಡಿಕೊಳ್ಳಬಹುದು. ಸೊನ್ನೆ ಬಂದ ಮೇಲೆ ಚಕ್ರವನ್ನು ಸಡಿಲಿಸಿ, ಶಾಫ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಓಡಿಸು. ಈಗ 15–20 ಗ್ರಾಂ ತೋರಿಸಿದರೆ ಕೋನ್ ಸರಿಯಾಗಿ ಕೂತಿಲ್ಲ, ಮೊದಲು ಬಂದದ್ದು ಖೋಟಾ ಸೊನ್ನೆ. ಕೋನನ್ನು ಒಳಬದಿಯಿಂದ ಹಾಕಿ ನೋಡು. ಒಂದೇ ಚಕ್ರಕ್ಕೆ 80–100 ಗ್ರಾಂ ಬೇಕು ಅಂದರೆ ತೂಕ ಅಂಟಿಸುತ್ತಾ ಹೋಗಬೇಡ. ಗಾಳಿ ಬಿಟ್ಟು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸು. ಹೊಸ ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವಿನ ನೇರಕ್ಕೆ ಬರಲಿ. ಆದರೂ ಇಳಿಯದಿದ್ದರೆ ರಿಮ್ಮೇ ಸರಿಯಿಲ್ಲ. ಜಾಕಿ ಮೇಲೆ ಚಕ್ರ ತಿರುಗಿಸುತ್ತ ರಿಮ್ಮಿನ ಅಂಚಿಗೆ ಸೀಮೆಸುಣ್ಣ ಹಿಡಿದರೆ ಒಂದೇ ಜಾಗದಲ್ಲಿ ಗೀಟು ಬೀಳುತ್ತದೆ, ಗಿರಾಕಿಗೇ ತೋರಿಸಬಹುದು.

ಇನ್ನು ನಮ್ಮ ಸೀಮೆಯದೇ ಒಂದೆರಡು ಕಾರಣ ಇವೆ, ಪಟ್ಟಣದ ಅಂಗಡಿಯವರಿಗೆ ಹೊಳೆಯುವುದಿಲ್ಲ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಹೋಗಿ ಬಂದ ಗಾಡಿಯ ರಿಮ್ಮಿನ ಒಳಬದಿಗೆ ಎರೆಮಣ್ಣು ಮೆತ್ತಿ ಒಣಗಿರುತ್ತದೆ. ಹೊರಗಿನಿಂದ ನೋಡಿದರೆ ತೊಳೆದ ಗಾಡಿ, ಒಳಗೆ ಪಾವು ಕಿಲೋ ಮಣ್ಣು. ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ನಡುಕ ಬಂದರೆ ಮೊದಲು ಕೈ ಒಳಗೆ ಹಾಕಿ ತಡವು. ನೀರು ಬಿಟ್ಟು ತೊಳೆದರೆ ಮುಗಿಯಿತು, ಅದಕ್ಕೆ ದುಡ್ಡು ತೆಗೆದುಕೊಳ್ಳಬೇಡ. ಸುಗ್ಗಿಯಲ್ಲಿ ರಸ್ತೆಯ ಮೇಲೇ ಹುರುಳಿ ಒಕ್ಕುತ್ತಾರೆ. ಆ ಬಳ್ಳಿ ಡ್ರೈವ್ ಶಾಫ್ಟಿಗೆ, ಚಕ್ರದ ಒಳಭಾಗಕ್ಕೆ ಹುರಿಯಾಗಿ ಸುತ್ತಿಕೊಳ್ಳುತ್ತದೆ. ಅದು ಬರೀ ನಡುಕದ ಮಾತಲ್ಲ, ಸೈಲೆನ್ಸರ್ ಬಿಸಿಗೆ ತಾಗಿದರೆ ಬೆಂಕಿ ಹತ್ತುತ್ತದೆ, ನಮ್ಮ ಕಡೆ ಹಾಗೆ ಕಾರುಗಳು ಸುಟ್ಟುಹೋಗಿವೆ. ಆ ದಿನಗಳಲ್ಲಿ ಯಾವ ಕೆಲಸಕ್ಕೆ ಬಂದ ಗಾಡಿಯಾದರೂ ಸರಿ, ಜಾಕಿ ಹಾಕಿದಾಗ ಒಂದು ಸಲ ಕೆಳಗೆ ಬಗ್ಗಿ ನೋಡು.

ಬಂಡೀಪುರದ ರಸ್ತೆಯುದ್ದಕ್ಕೂ ಪ್ರಾಣಿಗಳಿಗಾಗಿ ಹಂಪ್‌ಗಳಿವೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚುವ ನಿಯಮ 2009ರಿಂದ ಇದೆ, ಇರಲೇಬೇಕು. ಕಷ್ಟವೆಂದರೆ ಒಂಬತ್ತರೊಳಗೆ ಮದ್ದೂರು ಗೇಟೋ ಮೇಲುಕಾಮನಹಳ್ಳಿ ಗೇಟೋ ದಾಟಬೇಕೆಂದು ಎಂಟೂವರೆಗೆ ಜನ ಓಡಿಸುವ ಓಟ. ಆ ಓಟದಲ್ಲಿ ಹಂಪಿಗೂ ಗುಂಡಿಗೂ ಬಡಿಸಿಕೊಂಡ ಅಲಾಯ್ ಬೆಂಡಾಗುತ್ತದೆ, ಕೆಲವು ಸಲ ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳುತ್ತದೆ. ಕಬ್ಬಿಣದ ವೀಲನ್ನು ಬಡಿದು ಸರಿಮಾಡಿದ ಹಾಗೆ ಅಲಾಯನ್ನು ಮಾಡಲು ಹೋಗಬೇಡ. ಕಾಯಿಸಿ ಬಾಗಿಸಿದರೆ, ಬೆಸುಗೆ ಹಾಕಿದರೆ ಅದರ ಗಟ್ಟಿತನ ಹೋಗುತ್ತದೆ. ಸೀಳಿದ ಅಲಾಯ್ ಮುಂದಿನ ಚಕ್ರಕ್ಕೆ ಬೇಡ, ಹಿಂದಿನದಕ್ಕೂ ಬೇಡ, ಸ್ಟೆಪ್ನಿಗೂ ಬೇಡ.

ಊಟಿಯಿಂದ ಗೂಡಲೂರಿಗೆ ಬ್ರೇಕ್ ಒತ್ತಿಕೊಂಡೇ ಇಳಿದು ಬಂದು, ಆಮೇಲೆ ಬ್ರೇಕ್ ಹಿಡಿದರೆ ಸ್ಟೇರಿಂಗ್ ನಡುಗುತ್ತದೆ ಎನ್ನುವವರು ಬೇಕಾದಷ್ಟು ಬರುತ್ತಾರೆ. ಅದಕ್ಕೂ ಬ್ಯಾಲೆನ್ಸಿಗೂ ಸಂಬಂಧವಿಲ್ಲ. ಆದರೆ ನಟ್ಟನ್ನು ಒಂದು ಹೆಚ್ಚು ಒಂದು ಕಡಿಮೆ ಬಿಗಿದಿದ್ದರೂ ಬ್ರೇಕ್ ಡಿಸ್ಕ್ ಸ್ವಲ್ಪ ಓರೆಯಾಗಿ ತಿರುಗಿ, ಕೆಲವು ಸಾವಿರ ಕಿಲೋಮೀಟರ್ ಕಳೆದ ಮೇಲೆ ಅದೇ ನಡುಕ ತರುತ್ತದೆ. ಟಾರ್ಕ್ ರೆಂಚಿನ ಮಾತು ಎತ್ತಿದ್ದು ಅದಕ್ಕೂ ಸೇರಿಯೇ.

ಅಲೈನ್‌ಮೆಂಟ್ ಬಗ್ಗೆ ಒಂದೇ ಮಾತು. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರು ಒಂದು ಪಕ್ಕ ತಿನ್ನುತ್ತದೆ. ನೂರರಲ್ಲಿ ಬರುವ ನಡುಕಕ್ಕೆ ಅದು ಮದ್ದಲ್ಲ. ಮುಂದಿನ ವರ್ಷ ಆ ಮೆಷಿನ್ ಬಂದ ಮೇಲೆ ಅದರ ಕಂತು ಕಟ್ಟುವ ಒತ್ತಡವೂ ಬರುತ್ತದೆ, ಬಂದ ನಡುಕಕ್ಕೆಲ್ಲ ಅಲೈನ್‌ಮೆಂಟ್ ಬರೆಯುವ ಆಸೆಯೂ ಆಗುತ್ತದೆ. ಬರೆಯಬೇಡ.

ಹಳೇ ವೀಲ್ ಹಾಕಿದರೂ ನಡುಕ ಹೋಗಲಿಲ್ಲವೆಂದರೆ ಮಾತ್ರ ಕಾರಿನ ಒಳಗೆ ಹೋಗು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲ ಹಿಡಿದಾಗ ಆಡಿದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್. ಸವೆದ ಬುಷ್ ನಡುಕವನ್ನು ಹುಟ್ಟಿಸುವುದಿಲ್ಲ, ಇದ್ದ ಸಣ್ಣ ನಡುಕವನ್ನು ದೊಡ್ಡದು ಮಾಡಿ ಕೈಗೆ ಕೊಡುತ್ತದೆ.

ಅಲಾಯ್ ಕೊಳ್ಳುವ ಮುಂಚೆಯೇ ಕೇಳಲು ಬಂದವನಿಗೆ ಸರಿಯಾದ ಸಲಹೆ ಕೊಟ್ಟರೆ ಈ ಪಾಡು ಯಾವುದೂ ಇಲ್ಲ. ಕಂಪನಿಯೇ ಸ್ವಿಫ್ಟಿನ ಕೆಳಗಿನ ಮಾಡೆಲಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15 ಕೊಟ್ಟಿತ್ತು. ಎರಡರ ಎತ್ತರಕ್ಕೆ ಎರಡು ಮಿಲಿಮೀಟರಿನಷ್ಟೇ ವ್ಯತ್ಯಾಸ. ಆ ಗೆರೆಯೊಳಗೆ ಇರಲಿ ಅನ್ನು. ರಿಮ್ಮಿನ ಹಿಂಬದಿ ಇಟಿ ಅಂತ ಅಂಕಿ ಇರುತ್ತದೆ, 45 ಇದ್ದ ಕಡೆ 35 ಹಾಕಿದರೆ ಚಕ್ರ 10 ಮಿಲಿಮೀಟರ್ ಹೊರಗೆ ಬಂತು ಅಂತ ಲೆಕ್ಕ. ಬೇರಿಂಗಿಗೆ ಭಾರ ಹೆಚ್ಚುತ್ತದೆ, ರಸ್ತೆಯ ಏಟು ನೇರವಾಗಿ ಸ್ಟೇರಿಂಗಿಗೆ ಬರುತ್ತದೆ. ಮಡ್‌ಗಾರ್ಡಿನ ಆಚೆ ಚಾಚಿದ ಚಕ್ರಕ್ಕೆ ಮುತ್ತಂಗ ಚೆಕ್‌ಪೋಸ್ಟ್ ದಾಟಿದ ಮೇಲೆ ದಂಡ ಬಿದ್ದರೂ ಬೀಳಬಹುದು, ಕೇರಳದವರು ಇದರಲ್ಲಿ ಬಿಗಿ. ಗಾಡಿಯನ್ನು ಮನಬಂದಂತೆ ಬದಲಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಮ್ಮಲ್ಲೂ ಇದ್ದೇ ಇದೆ.

ಅಲಾಯ್ ಹಾಕಿದ ಪ್ರತಿ ಗಾಡಿಯನ್ನೂ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೆ ತರಲು ಹೇಳು, ಬಿಲ್ಲಿನ ಮೇಲೇ ಬರೆದುಕೊಡು, ಬಂದಾಗ ನಟ್ಟು ನೋಡಿ ಬಿಗಿದು ಕಳಿಸು. ಒಂದು ನೋಟ್‌ಬುಕ್ ಇಟ್ಟುಕೋ. ಕಾರಿನ ಹೆಸರು, ಹಬ್ಬಿನ ಅಳತೆ, ಅಲಾಯಿನ ತೂತು, ನಟ್ಟಿನ ಬಗೆ, ಯಾವ ಸ್ಪೀಡಿನಲ್ಲಿ ನಡುಕ, ಏನು ಮಾಡಿದ ಮೇಲೆ ಹೋಯಿತು, ಇಷ್ಟನ್ನು ಬರೆ. ಮೆಷಿನ್ ಕೂರಿಸುವ ದಿನ ಫೋನ್ ಮಾಡು, ತೆರಕಣಾಂಬಿ ಮೇಲೆ ಬೆಳಿಗ್ಗೆ ಬಸ್ಸಿಗೇ ಬಂದುಬಿಡುತ್ತೇನೆ. ನನ್ನ ವರ್ನಿಯರನ್ನೂ ತರುತ್ತೇನೆ, ಮೊದಲ ಹಬ್ಬಿನ ಅಳತೆಯನ್ನು ಇಬ್ಬರೂ ಸೇರಿ ತೆಗೆಯೋಣ.